ಖಾನ್‌ಸಾಹೇಬರ ಕಂಠ ಯಾರದು?

ಮರಾಠಿಯ ‘ಕಟ್ಯಾರ್ ಕಾಳಜಾತ್ ಘುಸಲೀ’ ನಾಟಕದಲ್ಲಿ ‘ಘೇಯಿ ಛಂದ’ ಎಂಬ ಪದ ಎರಡು ಮಟ್ಟಿನಲ್ಲಿ ಬರುತ್ತದೆ. ಸಾಹಿತ್ಯ ಅದೇ, ರಾಗ ಬೇರೆ. ಆಸ್ಥಾನ ಗಾಯಕ ಪಂಡಿತ ಭಾನುಶಂಕರರು ಅದನ್ನು ಸಾಲಗವರಾಳಿಯಲ್ಲಿ ಒಂದೊಂದೇ ಎಸಳು ಬಿಡಿಸಿದ ಹಾಗೆ ಹಾಡುತ್ತಾರೆ. ಅವರ ಎದುರಾಳಿ ಖಾನ್‌ಸಾಹೇಬ್ ಅಫ್ತಾಬ್ ಹುಸೇನ್ ಬರೇಲಿವಾಲೆ ಅದೇ ಮಾತುಗಳನ್ನು ಧಾನಿ ರಾಗಕ್ಕೆ ಎಳೆದು ತಂದು ಚುರುಕು ತಾನುಗಳಲ್ಲಿ ಚಿಮ್ಮಿಸುತ್ತಾರೆ. ಶುದ್ಧ ಧನ್ಯಾಸಿ ಕೇಳಿ ಬಲ್ಲ ಕನ್ನಡದ ಕಿವಿಗೆ ಧಾನಿಯ ಸ್ವರಗಳು ಹೊಸವೇನಲ್ಲ. ಎರಡು ಘರಾಣೆಗಳ ನಡುವಿನ ಹಟ ಏನೆಂಬುದು, ರಾಗದ ಗಂಧ ಗಾಳಿ ಇಲ್ಲದವನಿಗೂ ಈ ಎರಡು ಹಾಡು ಮುಗಿಯುವಷ್ಟರಲ್ಲಿ ತಿಳಿದುಬಿಡುತ್ತದೆ.

ಈ ನಾಟಕ ಮೊದಲು ರಂಗಕ್ಕೆ ಬಂದದ್ದು 1967ರ ಡಿಸೆಂಬರಿನಲ್ಲಿ. 2010ರಲ್ಲಿ ಹೊಸ ತಂಡ ಅದನ್ನು ಮತ್ತೆ ಕಟ್ಟಿತು. 2015ರಲ್ಲಿ ಸಿನಿಮಾ ಆಯಿತು. ಅಂದರೆ ಅದೇ ಪದಗಳು ಬೇರೆ ಬೇರೆ ಕಾಲದ ಕಂಠಗಳಲ್ಲಿ ನಮ್ಮ ಕೈಗೆ ಸಿಗುತ್ತವೆ. ಬದಲಾಪುರದಿಂದ ಮುಂಬಯಿಯ ಸಿಎಸ್‌ಎಂಟಿಗೆ ಲೋಕಲ್ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ತಾಸಿನ ದಾರಿ. ಸೀಟು ಸಿಗಲಿ ಬಿಡಲಿ, ಕಿವಿಗಂತೂ ಬೇರೆ ಕೆಲಸವಿರುವುದಿಲ್ಲ. ಹಳೆಯದನ್ನೂ ಹೊಸದನ್ನೂ ಒಂದರ ಬೆನ್ನಿಗೆ ಒಂದು ಕೇಳುವುದಕ್ಕೆ ಇಷ್ಟು ಹೊತ್ತು ಸಾಕು. ಹಾಗೆ ಕೇಳಿದಾಗ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಈ ಬರಹದ ವಿಚಾರ. ‘ಹಳೆಯದೇ ಚಿನ್ನ’ ಎನ್ನುವವರಿಗೂ ‘ಹೊಸದರಲ್ಲಿ ಸೌಂಡು ಚೆನ್ನಾಗಿದೆ’ ಎನ್ನುವವರಿಗೂ ಇದರಲ್ಲಿ ಸ್ವಲ್ಪ ಸ್ವಲ್ಪ ಬೇಸರವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಮರಾಠಿ ಸಂಗೀತ ನಾಟಕದ ಮಾತು ಕನ್ನಡ ಪುರವಣಿಗೆ ಯಾಕೆ ಎಂದು ಕೇಳುವವರು ವಾಶಿಗೆ ಹೋಗಿ ಅಲ್ಲಿನ ನಾಟ್ಯಗೃಹದ ಹೆಸರು ಓದಬೇಕು. ಅದು ವಿಷ್ಣುದಾಸ ಭಾವೆಯವರ ಹೆಸರಿನದು. ಉತ್ತರ ಕನ್ನಡದ ಕಡೆಯಿಂದ ಸಾಂಗ್ಲಿಗೆ ಬಂದ ಯಕ್ಷಗಾನ ಮೇಳದ ಆಟ ನೋಡಿದ ಅಲ್ಲಿನ ಸಂಸ್ಥಾನಿಕರು, ಮರಾಠಿಯಲ್ಲೂ ಇಂಥದೊಂದು ಬೇಕು ಎಂದು ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ಆಯಿತು. ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಬಳವಂತ ಪಾಂಡುರಂಗ ಕಿರ್ಲೋಸ್ಕರ್ ಮುಂದೆ ಅಣ್ಣಾಸಾಹೇಬ ಕಿರ್ಲೋಸ್ಕರ್ ಆಗಿ, 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ಆಡಿಸಿದರು. ಮಾತಿನ ನಡುವೆ ಪಾತ್ರಧಾರಿಯೇ ನಿಂತು ಹಾಡುವ ‘ಸಂಗೀತ ನಾಟಕ’ಕ್ಕೆ ರೂಪ ಕೊಟ್ಟವರು ಅವರು. ಅವರ ನಾಟಕಗಳಲ್ಲಿ ಕನ್ನಡದ ಮಟ್ಟುಗಳು ಧಾರಾಳವಾಗಿ ಹೊಕ್ಕಿವೆ. ಗುರ್ಲಹೊಸೂರಿನ ಕಿವಿ ಪುಣೆಗೆ ಹೋದ ಕೂಡಲೇ ಮರೆತುಹೋಗುತ್ತದೆಯೇ?

ಕೇಶವರಾವ್ ಭೋಸಲೆ ಕೊಲ್ಹಾಪುರದವರಾದರೂ ತಮ್ಮ ‘ಲಲಿತಕಲಾದರ್ಶ’ ಕಂಪನಿಯನ್ನು 1908ರಲ್ಲಿ ಸ್ಥಾಪಿಸಿದ್ದು ಹುಬ್ಬಳ್ಳಿಯಲ್ಲಿ. ಕುಂದಗೋಳದ ರಾಮಭಾವು ಮರಾಠಿ ರಂಗದ ಮೇಲೆ ಸುಭದ್ರೆಯಂಥ ಸ್ತ್ರೀಪಾತ್ರಗಳನ್ನು ಮಾಡುತ್ತ ‘ಸವಾಯಿ ಗಂಧರ್ವ’ ಆದರು. ಆ ಬಿರುದು ಅವರಿಗೆ ಕಛೇರಿಯಿಂದ ಬಂದದ್ದಲ್ಲ, ನಾಟಕದಿಂದ ಬಂದದ್ದು. ಮುಂದೆ ಅವರಿಂದ ಕಲಿತ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಮೂಲಕ ಕಿರಾಣಾ ಘರಾಣೆ ಧಾರವಾಡ ಸೀಮೆಯಲ್ಲಿ ಹೇಗೆ ಬೆಳೆಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನ ಮನಸೂರರೂ ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದವರೇ. ಆಗಿನ ಕಂಪನಿಗಳು ಪುಣೆ, ಮೀರಜ್, ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಎಂದು ರೈಲು ಹತ್ತಿ ಸುತ್ತಿದ ದಾರಿಯಲ್ಲೇ ಈಗ ಚಾಲುಕ್ಯ ಎಕ್ಸ್‌ಪ್ರೆಸ್ ಓಡುತ್ತದೆ. ದಾದರ್‌ನಿಂದ ಹೊರಟು ಬದಲಾಪುರದ ಮೇಲೆಯೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ ಅಷ್ಟೆ.

ಇನ್ನು ಪ್ಲೇಟುಗಳ ವಿಚಾರ. ಹಳೆಯ ನಾಟ್ಯಪದಗಳ ಧ್ವನಿಮುದ್ರಣ ಕೇಳುವಾಗ ಒಂದು ಸಂಗತಿ ಮರೆಯಬಾರದು. 78 ಆರ್‌ಪಿಎಂ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ‘ಸೌಭದ್ರ’ದಲ್ಲಿ ನೂರಕ್ಕೆ ಮೇಲ್ಪಟ್ಟು ಪದಗಳಿದ್ದವು. ಜನ ‘ವನ್ಸ್ ಮೋರ್’ ಎಂದು ಕೂಗಿದಷ್ಟು ಸಲ ಅವನ್ನು ಹಾಡಬೇಕಿತ್ತು. ಗಾಯಕನಟ ಬಾಲಗಂಧರ್ವರಂಥವರಿದ್ದರೆ ಒಂದು ಪದ ರಂಗದ ಮೇಲೆ ಎಷ್ಟು ಹೊತ್ತು ಬೆಳೆಯುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಆಟ ಬೆಳಗಿನ ಜಾವದ ತನಕ ನಡೆಯುತ್ತಿತ್ತು. ಆ ಹಾಡನ್ನೇ ಮೂರು ನಿಮಿಷಕ್ಕೆ ಕತ್ತರಿಸಿ ತುತ್ತೂರಿಯ ಬಾಯಿಗೆ ಹಾಡಬೇಕಾದರೆ ಆಲಾಪ ಹೋಯಿತು, ತಾನುಗಳಲ್ಲಿ ಆಯ್ದ ನಾಲ್ಕು ಉಳಿದವು, ಲಯ ಏರಿತು. 1925ಕ್ಕೆ ಮೊದಲು ವಿದ್ಯುತ್ ಮೈಕ್ರೋಫೋನಿನ ಮುದ್ರಣವೇ ಇರಲಿಲ್ಲ. ಗಾಯಕರು ತುತ್ತೂರಿಯ ಹತ್ತಿರ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು, ಕೊನೆಗೆ ತಮ್ಮ ಹೆಸರನ್ನೂ ಕೂಗಿ ಹೇಳಬೇಕು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆಗುವ ತನಕ ಪ್ಲೇಟುಗಳು ಒತ್ತಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಯಾವುದು ಎಂದು ಅಲ್ಲಿನವರಿಗೆ ತಿಳಿಯಲೆಂದು ಹೆಸರು ಕೂಗುವ ಈ ಏರ್ಪಾಟು.

ಆದ್ದರಿಂದ ಬಾಲಗಂಧರ್ವರ ಪ್ಲೇಟು ಕೇಳಿ ‘ಇಷ್ಟಕ್ಕೇ ಇಡೀ ಮಹಾರಾಷ್ಟ್ರ ಮರುಳಾಗಿತ್ತೇ?’ ಎನ್ನುವುದು ಅನ್ಯಾಯ. ಪ್ಲೇಟಿನಲ್ಲಿರುವುದು ಗುರುತಿನ ಚೀಟಿ ಮಾತ್ರ. ರಂಗದ ಮೇಲೆ ಅವರಿಗೆ ತಬಲಾಕ್ಕೆ ಅಹ್ಮದ್‌ಜಾನ್ ತಿರಕವಾ, ಸಾರಂಗಿಗೆ ಕಾದರ್‌ಬಕ್ಷ್ ಇರುತ್ತಿದ್ದರು. ಇಂಥವರು ಪಕ್ಕದಲ್ಲಿದ್ದಾಗ ಹಾಡು ಎಲ್ಲಿಂದ ಎಲ್ಲಿಗೆ ಹೋಗಿರಬಹುದು ಎಂಬುದನ್ನು ನಾವೇ ಕಲ್ಪಿಸಿಕೊಳ್ಳಬೇಕು. ಖಾಡಿಲಕರರ ‘ಮಾನಾಪಮಾನ’ 1911ರ ಮಾರ್ಚ್ 12ರಂದು ಮೊದಲ ಸಲ ಆಡಿದ ದಿನವೇ ಬಾಲಗಂಧರ್ವರ ಪುಟ್ಟ ಮಗಳು ತೀರಿಕೊಂಡಿದ್ದಳು; ಅವರು ಬಣ್ಣ ಹಚ್ಚಿ ಭಾಮಿನಿಯಾಗಿ ನಿಂತು ಹಾಡಿದರು. ಹತ್ತು ವರ್ಷದ ಮೇಲೆ, 1921ರ ಜುಲೈ 8ರಂದು, ತಿಲಕ್ ಸ್ವರಾಜ್ಯ ನಿಧಿಗಾಗಿ ಮುಂಬಯಿಯಲ್ಲಿ ಬಾಲಗಂಧರ್ವರೂ ಕೇಶವರಾವ್ ಭೋಸಲೆಯವರೂ ಕೂಡಿ ಅದೇ ನಾಟಕ ಆಡಿದರು. ಒಬ್ಬರು ಭಾಮಿನಿ, ಇನ್ನೊಬ್ಬರು ಧೈರ್ಯಧರ. ಎರಡು ಪ್ರತಿಸ್ಪರ್ಧಿ ಕಂಪನಿಗಳ ಒಡೆಯರು ಒಂದೇ ರಂಗದ ಮೇಲೆ ಎದುರುಬದುರು ಹಾಡಿದ ಆ ರಾತ್ರಿಯ ಕಥೆಯನ್ನು ಮರಾಠಿಗರು ಇವತ್ತಿಗೂ ಹೇಳುತ್ತಾರೆ. ಅದೇ ಅಕ್ಟೋಬರಿನಲ್ಲಿ ಭೋಸಲೆ ತೀರಿಕೊಂಡರು. ಆ ಆಟವನ್ನು ಇದ್ದಂತೆ ಹಿಡಿದಿಡುವ ಸಾಧನ ಆಗ ಇರಲೇ ಇಲ್ಲ.

ಹಳೆಯ ನಾಟಕಗಳ ಧ್ವನಿಮುದ್ರಣಗಳನ್ನು ಹೋಲಿಸುವುದಕ್ಕೆ ಇನ್ನೊಂದು ತೊಡಕೂ ಇದೆ. ಅಲ್ಲಿ ಮಟ್ಟು ಎಂಬುದು ಬರೀ ಬುನಾದಿ. ಮೇಲಿನ ಮನೆಯನ್ನು ಹಾಡುವವರು ತಮ್ಮ ತಮ್ಮ ಇಷ್ಟದಂತೆ ಕಟ್ಟುತ್ತಿದ್ದರು. ಸುಭದ್ರೆಯ ಪದವನ್ನು ಸವಾಯಿ ಗಂಧರ್ವರು ಹಾಡಿದ್ದೇ ಬೇರೆ, ಅವರ ಗುರು ಅಬ್ದುಲ್ ಕರೀಂ ಖಾನರ ಮಗಳು ಹೀರಾಬಾಯಿ ಬಡೋದೇಕರ್ ಹಾಡಿದ್ದೇ ಬೇರೆ. ದೀನಾನಾಥ ಮಂಗೇಶಕರ್ ಬಂದರೆ ಪಂಜಾಬಿ ಠೀವಿ ಬರುತ್ತದೆ, ಛೋಟಾ ಗಂಧರ್ವ ಬಂದರೆ ಸಕ್ಕರೆ ಬರುತ್ತದೆ. ಇವುಗಳಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂದು ಕೇಳಿದರೆ ಉತ್ತರವಿಲ್ಲ. ಇಂಥದೇ ಮೂಲ ಎಂದು ತೋರಿಸುವುದಕ್ಕೆ ಏನೂ ಉಳಿದಿಲ್ಲವಲ್ಲ.

‘ಕಟ್ಯಾರ್’ ಈ ದೃಷ್ಟಿಯಿಂದ ಬೇರೆ. ಅದರ ಸಂಗೀತ ನಿರ್ದೇಶಕರು ಗೋವೆಯ ಜಿತೇಂದ್ರ ಅಭಿಷೇಕಿ. 1964ರಲ್ಲಿ ‘ಮತ್ಸ್ಯಗಂಧಾ’ದಿಂದ ಅವರು ನಾಟ್ಯಸಂಗೀತದ ನಡೆಯನ್ನೇ ಬದಲಿಸಿದರು. ಪದಗಳ ಸಂಖ್ಯೆ ಕಡಿಮೆ, ಒಂದೊಂದೂ ಸಂದರ್ಭಕ್ಕೆ ತಕ್ಕಷ್ಟೇ ಉದ್ದ, ರಾಗ ಪಾತ್ರದ ಸ್ವಭಾವ ನೋಡಿ ಆರಿಸಿದ್ದು. ಗಾಯಕ ಮನಬಂದಂತೆ ಬೆಳೆಸುತ್ತ ಕೂತರೆ ಕಥೆ ನಿಂತುಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹೀಗೆ ಬಿಗಿಯಾಗಿ ಹೆಣೆದಿದ್ದರಿಂದಲೇ ಮುಂದಿನ ಗಾಯಕರು ಎಲ್ಲಿ ಮೂಲಕ್ಕೆ ಅಂಟಿಕೊಂಡರು, ಎಲ್ಲಿ ಬಿಟ್ಟರು ಎಂದು ಬೆರಳಿಟ್ಟು ತೋರಿಸಬಹುದು.

ಕಥೆ ಇಷ್ಟು. ನಾಗಪುರದ ಪುರುಷೋತ್ತಮ ದಾರವ್ಹೇಕರ್ ಬರೆದ ಈ ನಾಟಕದಲ್ಲಿ ಒಂದು ಸಂಸ್ಥಾನ, ಅಲ್ಲಿ ದಸರೆಗೊಮ್ಮೆ ಗಾಯನ ಸ್ಪರ್ಧೆ. ಗೆದ್ದವರಿಗೆ ಹವೇಲಿ, ಆಸ್ಥಾನ ಗಾಯಕನ ಪಟ್ಟ, ಜೊತೆಗೆ ಒಂದು ಕಠಾರಿ. ಆ ಕಠಾರಿಯಿಂದ ಒಂದು ಕೊಲೆ ಮಾಡಿದರೆ ಮಾಫಿ! ವರ್ಷ ವರ್ಷವೂ ಸೋತ ಖಾನ್‌ಸಾಹೇಬರು ಕೊನೆಗೊಮ್ಮೆ ಗೆಲ್ಲುತ್ತಾರೆ, ಆದರೆ ಪಂಡಿತರು ಹಾಡದೆ ಬಿಟ್ಟುಕೊಟ್ಟ ಗೆಲುವು ಅದು. ಪಂಡಿತರ ಹತ್ತಿರ ಕಲಿಯಬೇಕೆಂದು ಬಂದ ಸದಾಶಿವ ಈಗ ಖಾನ್‌ಸಾಹೇಬರ ಮನೆಯಲ್ಲೇ ಕದ್ದು ಕಲಿಯುತ್ತಾನೆ. ದ್ವೇಷ, ಅಸೂಯೆ, ಶರಣಾಗತಿ ಎಲ್ಲವೂ ಹಾಡಿನಲ್ಲೇ ನಡೆಯುವುದರಿಂದ ಇಲ್ಲಿ ಸಂಗೀತ ತೆಗೆದರೆ ನಾಟಕವೇ ಉಳಿಯುವುದಿಲ್ಲ.

ಪ್ರಭಾಕರ ಪಣಶೀಕರರ ‘ನಾಟ್ಯಸಂಪದಾ’ ಇದನ್ನು ಆಡಿಸಿದಾಗ ಖಾನ್‌ಸಾಹೇಬರಾದವರು ವಸಂತರಾವ್ ದೇಶಪಾಂಡೆ (1920–1983). ಪುಣೆಯ ಮಿಲಿಟರಿ ಲೆಕ್ಕಪತ್ರ ಕಚೇರಿಯಲ್ಲಿ ಬಹುಕಾಲ ನೌಕರಿ ಮಾಡಿದ ಮನುಷ್ಯ. ಒಂದೇ ಘರಾಣೆಗೆ ಕಟ್ಟುಬಿದ್ದವರಲ್ಲ. ನಾಗಪುರದಲ್ಲಿ ಕಲಿತರು, ಲಾಹೋರಿನಲ್ಲಿ ಅಸದ್ ಅಲಿ ಖಾನರ ಹತ್ತಿರ ಕಲಿತರು, ದೀನಾನಾಥರ ಗಾಯನಶೈಲಿಯನ್ನು ಹೀರಿಕೊಂಡರು. ದೊಡ್ಡ ಸಂಗೀತಗಾರ ಎಂಬ ಮಾನ್ಯತೆ ಅವರಿಗೆ ತಡವಾಗಿ ಬಂತು. ಖಾನ್‌ಸಾಹೇಬರ ಪಾತ್ರದಲ್ಲಿ, ಯೋಗ್ಯತೆಯಿದ್ದೂ ವರ್ಷಗಟ್ಟಲೆ ಬದಿಗೆ ನಿಲ್ಲಬೇಕಾಗಿ ಬಂದ ಒಬ್ಬನ ಸಿಟ್ಟು ಕೇಳಿಸುತ್ತದೆ ಎಂದರೆ ಅದರಲ್ಲಿ ನಟನೆ ಎಷ್ಟು, ಬದುಕು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಅವರ ಮುದ್ರಣ ಕೇಳಿ. ದನಿ ದುಂಡಗಿಲ್ಲ. ಚೂಪು, ಸ್ವಲ್ಪ ಮೂಗಿನ ಅಂಚು ತಗಲುವಂಥದ್ದು. ತಾನು ಎಲ್ಲಿ ಏಳುತ್ತದೋ ತಿಳಿಯುವುದಿಲ್ಲ. ಇನ್ನೇನು ಸಮ್‌ಗೆ ಬಂತು ಎನ್ನುವಾಗ ಪಕ್ಕಕ್ಕೆ ಜಾರಿ ಇನ್ನೊಂದು ಸುತ್ತು ಹೊಡೆದು ಬಂದು ಕೂರುತ್ತದೆ. ಧಾನಿಯ ‘ಘೇಯಿ ಛಂದ’ದಲ್ಲಿ ಮಾತನ್ನು ಒಡೆದು ಒಂದೊಂದು ಅಕ್ಷರಕ್ಕೂ ಪೆಟ್ಟು ಕೊಡುತ್ತಾರೆ. ‘ನಿನ್ನ ಹಾಡನ್ನೇ ತಗೊಂಡು ನಿನಗಿಂತ ಚೆನ್ನಾಗಿ ಹಾಡಿ ತೋರಿಸ್ತೀನಿ’ ಎಂಬ ಸವಾಲು ಅದರಲ್ಲಿದೆ. ಜೊತೆಗಿರುವುದು ಆರ್ಗನ್, ತಬಲಾದಂಥ ಕೆಲವೇ ವಾದ್ಯ. ಮುದ್ರಣ ಹಳೆಯದು, ತುಸು ಒಣಗಲು. ಆ ಒಣಗಲಿನಲ್ಲೇ ಉಸಿರು ಎಳೆದುಕೊಳ್ಳುವ ಸದ್ದು ಸ್ಪಷ್ಟವಾಗಿದೆ. ಪಂಡಿತರ ಪಾತ್ರ ಮಾಡಿದ ಭಾರ್ಗವರಾಮ ಆಚರೇಕರ್ ಹಳೆಯ ರಂಗದಿಂದ ಬಂದವರು. ಎರಡೂ ಪಾತ್ರಗಳಿಗೆ ಮೈ ಯಾರದೋ ಕಂಠವೂ ಅವರದೇ.

2010ರ ಮರುಪ್ರಯೋಗವನ್ನು ನಿರ್ದೇಶಿಸಿದವರು ಸುಬೋಧ್ ಭಾವೆ. ಖಾನ್‌ಸಾಹೇಬರಾಗಿ ನಿಂತವರು ವಸಂತರಾಯರ ಮೊಮ್ಮಗ ರಾಹುಲ್ ದೇಶಪಾಂಡೆ. ಸದಾಶಿವನಾದವರು ಅಭಿಷೇಕಿಯವರ ಗುರುಕುಲದಲ್ಲಿ ಕಲಿತ ಮಹೇಶ್ ಕಾಳೆ. ಒಬ್ಬ ಮೂಲ ಗಾಯಕನ ಮನೆಯವನು, ಇನ್ನೊಬ್ಬ ಮೂಲ ಸಂಯೋಜಕನ ಶಿಷ್ಯ. ಹೀಗಿದ್ದರೆ ನಕಲು ಮಾಡುವ ಅಪಾಯ ದೊಡ್ಡದು. ರಾಹುಲ್ ಆರಂಭದಲ್ಲಿ ಅಜ್ಜನ ಜಾಗಗಳನ್ನು ಹುಡುಕಿ ಹುಡುಕಿ ಹಾಡುತ್ತಾರೆ ಎಂದು ನನಗೆ ಅನ್ನಿಸಿದೆ. ಅವರ ದನಿ ಅಗಲ, ಗುಂಡುಗುಂಡಗೆ, ನಿಂತಲ್ಲಿ ಗಟ್ಟಿಯಾಗಿ ನಿಲ್ಲುವಂಥದ್ದು. ಅಜ್ಜನ ಚಂಚಲ ತಿರುವುಗಳನ್ನು ಆ ದನಿ ಒಪ್ಪಿಕೊಂಡರೂ ಅವು ಅದರಲ್ಲೇ ಹುಟ್ಟಿದಂತೆ ಕೇಳಿಸುವುದಿಲ್ಲ. ಆದರೆ ರಾಗದಿಂದ ರಾಗಕ್ಕೆ ದಾಟುತ್ತ ಸಾಗುವ ‘ಸುರತ ಪಿಯಾ ಕೀ’ಯಂಥ ರಾಗಮಾಲೆಯಲ್ಲಿ ಅವರು ಅಜ್ಜನನ್ನು ಬಿಟ್ಟು ತಮ್ಮ ಪಾಡಿಗೆ ನಡೆಯುತ್ತಾರೆ. ಸಿಟ್ಟು ಕಡಿಮೆ, ಘನತೆ ಹೆಚ್ಚು. ಈ ಖಾನ್‌ಸಾಹೇಬರು ಸೋತದ್ದಕ್ಕೆ ಕುದಿಯುವವರಲ್ಲ, ಗೆದ್ದ ಮೇಲೂ ಒಬ್ಬಂಟಿಯಾದವರು. ಪಾತ್ರಕ್ಕೆ ಅದು ಹೊಸ ಅರ್ಥವೇ.

2015ರ ನವೆಂಬರಿನಲ್ಲಿ ಬಂದ ಸಿನಿಮಾದಲ್ಲಿ ಲೆಕ್ಕ ಬದಲಾಗುತ್ತದೆ. ಖಾನ್‌ಸಾಹೇಬರ ಮೈ ಸಚಿನ್ ಪಿಳಗಾಂವಕರರದು, ಕಂಠ ರಾಹುಲ್‌ರದು. ಸದಾಶಿವನ ಮೈ ಸುಬೋಧ್ ಭಾವೆಯವರದು, ಕಂಠ ಮಹೇಶ್ ಕಾಳೆಯವರದು. ಪಂಡಿತರಾಗಿ ಶಂಕರ್ ಮಹಾದೇವನ್ ಮಾತ್ರ ತಾವೇ ನಟಿಸಿ ತಾವೇ ಹಾಡಿದ್ದಾರೆ. ಚೆಂಬೂರಿನಲ್ಲಿ ಬೆಳೆದ, ಚಿಕ್ಕಂದಿನಲ್ಲೇ ವೀಣೆ ಹಿಡಿದ ತಮಿಳು ಮನೆತನದ ಹುಡುಗ ಮರಾಠಿ ಪಂಡಿತನಾಗಿ ಸಾಲಗವರಾಳಿ ಹಾಡುವುದು ಮುಂಬಯಿಯಲ್ಲಿ ಮಾತ್ರ ಆಗುವಂಥದ್ದು! ಅವರ ಗಮಕದಲ್ಲಿ ದಕ್ಷಿಣದ ಕಸೂತಿ ಕಾಣುತ್ತದೆ, ನನಗೆ ಅದು ಇಷ್ಟವೇ. ಕೊರತೆ ಬೇರೆ ಕಡೆ ಇದೆ. ಸ್ಟುಡಿಯೋದಲ್ಲಿ ಸ್ವರ ಒಂದೂ ಅಲುಗುವುದಿಲ್ಲ, ಹಿಂದೆ ತಂತಿವಾದ್ಯಗಳ ಮೋಡ, ಮಂದಿರದೊಳಗಿನಂಥ ಪ್ರತಿಧ್ವನಿ. ಪಂಡಿತರು, ಖಾನ್‌ಸಾಹೇಬರು ಇಬ್ಬರ ದನಿಗಳೂ ಒಂದೇ ಎಣ್ಣೆಯಲ್ಲಿ ಮಿಂದು ಬಂದಿವೆ. ಎರಡು ಘರಾಣೆಗಳ ಜಗಳವೇ ಕಥೆಯಾದ ನಾಟಕದಲ್ಲಿ ಆ ಎರಡಕ್ಕೂ ಒಂದೇ ಹೊಳಪು ಕೊಟ್ಟರೆ ಜಗಳ ಎಲ್ಲಿ ಉಳಿಯಿತು?

ಶಂಕರ್–ಎಹಸಾನ್–ಲಾಯ್ ಹೊಸದಾಗಿ ಸೇರಿಸಿದ ಹಾಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಸೂರ್ ನಿರಾಗಸ್ ಹೋ’ ಗಣಪತಿ ಹಬ್ಬದ ಪೆಂಡಾಲುಗಳಿಗೆಲ್ಲ ಹೊಕ್ಕಿದೆ. ‘ಅರುಣಿ ಕಿರಣಿ’ಗೆ ಮಹೇಶ್ ಕಾಳೆಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ಅದು ನ್ಯಾಯವಾದ ಪ್ರಶಸ್ತಿ. ಕವ್ವಾಲಿ ಇರದಿದ್ದರೂ ನಡೆಯುತ್ತಿತ್ತು. ಒಂದು ಮಾತು ಒಪ್ಪಲೇಬೇಕು: ಶಾಸ್ತ್ರೀಯ ಸಂಗೀತವೆಂದರೆ ಎದ್ದು ಹೋಗುತ್ತಿದ್ದ ವಯಸ್ಸಿನ ಹುಡುಗರು ಈ ಸಿನಿಮಾ ನೋಡಿ ವಸಂತರಾಯರ ಹೆಸರು ಹುಡುಕಿದರು. ಮರುಪ್ರಯೋಗದ ಧ್ವನಿಮುದ್ರಣದಿಂದ ಆಗುವ ದೊಡ್ಡ ಉಪಕಾರ ಇದು, ಹೊಸದು ಹಳೆಯದರ ಬಾಗಿಲು ತೆಗೆಯುತ್ತದೆ.

ಹಳೆಯದನ್ನೂ ಹೊಸದನ್ನೂ ಹೋಲಿಸುವ ಈ ತೊಡಕು ಅಮೆರಿಕ, ಇಂಗ್ಲೆಂಡಿನ ರಂಗಸಂಗೀತಕ್ಕೂ ಇದೆ. ‘ಮೈ ಫೇರ್ ಲೇಡಿ’ಯನ್ನು 1956ರಲ್ಲಿ ನ್ಯೂಯಾರ್ಕಿನ ತಂಡ ಮುದ್ರಿಸಿತು. 1959ರಲ್ಲಿ ಲಂಡನ್ನಿನಲ್ಲಿ ಅದೇ ರೆಕ್ಸ್ ಹ್ಯಾರಿಸನ್, ಅದೇ ಜೂಲಿ ಆಂಡ್ರ್ಯೂಸ್ ಸ್ಟೀರಿಯೊದಲ್ಲಿ ಮತ್ತೆ ಹಾಡಿದರು. ಸದ್ದಿನ ಲೆಕ್ಕದಲ್ಲಿ ಎರಡನೆಯದು ಮೇಲು. ಆದರೂ ಮೊದಲನೆಯದರಲ್ಲೇ ಜೀವ ಹೆಚ್ಚು ಎನ್ನುವ ಕೇಳುಗರು ಬಹಳ. ಮೂರು ವರ್ಷ ದಿನಾ ಹಾಡಿ ಪಳಗಿದ ಹಾಡಿಗೂ, ಆಗಷ್ಟೇ ರಂಗ ಹತ್ತಿ ಜನ ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕಿನಲ್ಲಿ ಹಾಡಿದ ಹಾಡಿಗೂ ವ್ಯತ್ಯಾಸ ಇರುತ್ತದೆ. ಅಲ್ಲಿನ ಕಂಪನಿಗಳು ನಾಟಕ ತೆರೆಕಂಡ ಕೆಲವೇ ದಿನಗಳಲ್ಲಿ ಇಡೀ ತಂಡವನ್ನು ಸ್ಟುಡಿಯೋಗೆ ಕರೆದೊಯ್ದು ಹಾಡಿಸಿಬಿಡುತ್ತವೆ. ನಮ್ಮಲ್ಲಿ ಮುದ್ರಣವಾದದ್ದು ತಾರೆಯ ಪದ ಮಾತ್ರ. ತಂಡ ಹೊರಗೇ ಉಳಿಯಿತು.

ಈಚಿನ ಎರಡು ಸಿನಿಮಾಗಳೂ ಈ ಸಾಲಿನವೇ. 2011ರ ‘ಬಾಲಗಂಧರ್ವ’ದಲ್ಲಿ ಬಾಲಗಂಧರ್ವರಿಗೆ ದನಿಯಾದವರು ಭೀಮಸೇನ ಜೋಶಿಯವರ ಶಿಷ್ಯ ಆನಂದ ಭಾಟೆ. ಅನುಕರಣೆ ಹೇಗಿರಬೇಕೆಂಬುದಕ್ಕೆ ಅದು ಮಾದರಿ. ತಿರುವುಗಳು ಗಂಧರ್ವರವು, ಉಸಿರು ಭಾಟೆಯವರದು. 2025ರ ಜನವರಿಯಲ್ಲಿ ಬಂದ ‘ಸಂಗೀತ ಮಾನಾಪಮಾನ’ದಲ್ಲಿ ಹೊಳಪು ಹಾಡನ್ನು ನುಂಗಿತು.

ನಮ್ಮ ಕಡೆಗೆ ತಿರುಗಿದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿ ಬಣ್ಣ ಹಚ್ಚಿದ ಬಿ.ವಿ. ಕಾರಂತರು ‘ಜೋಕುಮಾರಸ್ವಾಮಿ’, ‘ಹಯವದನ’, ‘ಸತ್ತವರ ನೆರಳು’, ‘ಗೋಕುಲ ನಿರ್ಗಮನ’ಗಳಿಗೆ ಕಟ್ಟಿದ ಸಂಗೀತ ಅಭಿಷೇಕಿಯವರ ಕೆಲಸಕ್ಕೆ ಯಾವ ತೂಕದಲ್ಲೂ ಕಡಿಮೆಯದಲ್ಲ. ಪುರಂದರದಾಸರ ಕೀರ್ತನೆಗಳನ್ನು ಮಠದ ಕುಟಿಲಕ್ಕೆ ಎದುರಾಗಿ ನಿಲ್ಲಿಸಿದ ‘ಸತ್ತವರ ನೆರಳು’ ತಲೆಮಾರು ದಾಟಿ ಹೊಸ ಹೊಸ ನಟರಲ್ಲಿ ಆಡುತ್ತ ಬಂದಿದೆ. ಆದರೆ ಆ ಸಂಗೀತ ಕೇಳುಗರಿಗೆ ಸಿಗುವುದು ಹೆಚ್ಚಾಗಿ ‘ರಂಗಗೀತೆ’ಗಳ ಬಿಡಿ ಸಂಕಲನಗಳಲ್ಲಿ, ಯಾವ ಪಾತ್ರ, ಯಾವ ಸಂದರ್ಭ, ಮೊದಲು ಯಾರು ಹಾಡಿದರು ಎಂಬುದೆಲ್ಲ ಕಳಚಿಕೊಂಡ ರೂಪದಲ್ಲಿ. ಈ ಹಾಡುಗಳನ್ನು ನಾಟಕವಿಲ್ಲದೆ ಕೇಳುವುದೆಂದರೆ ಖಾನ್‌ಸಾಹೇಬರ ಧಾನಿಯನ್ನು ಪಂಡಿತರ ಸಾಲಗವರಾಳಿಯಿಲ್ಲದೆ ಕೇಳಿದಂತೆಯೇ.

‘ಕಟ್ಯಾರ್’ ಕೇಳದವರು ಎಲ್ಲಿಂದ ಶುರುಮಾಡಬೇಕು ಎಂದು ಕೇಳಿದರೆ ನನ್ನ ಶಿಫಾರಸು ಹೀಗಿದೆ. ಸಿನಿಮಾದಲ್ಲಿ ಶಂಕರ್ ಮಹಾದೇವನ್ ಹಾಡಿದ ಪಂಡಿತರ ‘ಘೇಯಿ ಛಂದ’ ಮೊದಲು, ಅದರ ಬೆನ್ನಿಗೆ ವಸಂತರಾಯರ ಧಾನಿ. ರಾಹುಲ್‌ರದು ಆಮೇಲೆ. ಒಂದನ್ನೇ ಇಟ್ಟುಕೊಳ್ಳುವುದಾದರೆ ವಸಂತರಾಯರದು. ಖಾನ್‌ಸಾಹೇಬರ ಕಂಠ ಅವರದೇ, ಉಳಿದವರು ಅದನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ಇನ್ನು ಡೊಂಬಿವಲಿ, ಕಲ್ಯಾಣ, ಠಾಣೆ, ಬದಲಾಪುರದ ಕನ್ನಡ ಸಂಘಗಳವರಲ್ಲಿ ಒಂದು ಕೋರಿಕೆ: ನಿಮ್ಮ ವಾರ್ಷಿಕೋತ್ಸವದ ನಾಟಕದ ಹಾಡುಗಳನ್ನು ಮೊಬೈಲಿನಲ್ಲಾದರೂ ಪೂರ್ತಿ ಮುದ್ರಿಸಿ. ಹಾಡಿದವರ ಹೆಸರಿನ ಜೊತೆಗೆ ಹಾರ್ಮೋನಿಯಂ, ತಬಲಾ ನುಡಿಸಿದವರ ಹೆಸರು, ಊರು, ತಾರೀಕುಗಳನ್ನೂ ಬರೆದಿಡಿ.